ಕನ್ನಡದ ಕಿವಿಯಿಟ್ಟು ಭಾರತೀಯ ಇಂಗ್ಲಿಷ್ ಸಾಹಿತ್ಯ ಓದುವುದು

ಇಂಗ್ಲಿಷಿನಲ್ಲಿ ಬರೆದ ಭಾರತೀಯ ಸಾಹಿತ್ಯವನ್ನು ಓದಲು ಕೂತವರು ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುವುದು ಇತಿಹಾಸದ ಪುಸ್ತಕವನ್ನು. ಕೆ.ಆರ್. ಶ್ರೀನಿವಾಸ ಅಯ್ಯಂಗಾರರ 1962ರ ದಪ್ಪ ಗ್ರಂಥ, ಇಲ್ಲವೇ ಧಾರವಾಡದಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ಕೆ. ನಾಯಕರು ಸಾಹಿತ್ಯ ಅಕಾಡೆಮಿಗೆ ಬರೆದುಕೊಟ್ಟ 1982ರ ಇತಿಹಾಸ. ಎರಡೂ ತುಂಬ ದುಡಿದು ಬರೆದ ಪುಸ್ತಕಗಳು, ಎರಡನ್ನೂ ಓದಲೇಬೇಕು. ಮೊದಲಿಗೇ ಓದಿದರೆ ಮಾತ್ರ ಕೆಲಸ ಕೆಡುತ್ತದೆ. ಪದ್ಯದ ಒಂದು ಸಾಲೂ ಕಿವಿಗೆ ಬೀಳುವ ಮುನ್ನ ಹೆಸರು, ಇಸವಿಗಳು ತಲೆ ತುಂಬುತ್ತವೆ. ಯಾರು ಯಾವ ಕಾದಂಬರಿ ಬರೆದರು ಎನ್ನುವುದು ಬಾಯಿಪಾಠವಾಗುತ್ತದೆ. ಆ ಕಾದಂಬರಿಯ ವಾಕ್ಯ ಹೇಗೆ ನಡೆಯುತ್ತದೆ ಎನ್ನುವುದು ಗೊತ್ತಾಗುವುದೇ ಇಲ್ಲ. ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ನಾಲ್ಕು ವಾರ ಹೀಗೆ ಕಳೆದರೆ ಉಳಿದದ್ದೆಲ್ಲ ಸಾರಾಂಶದ ಪುಸ್ತಕಗಳ ಪಾಲು. ಇತಿಹಾಸವನ್ನು ಐದನೇ ವಾರಕ್ಕೆ ತಳ್ಳಿ, ಒಂದೇ ಒಂದು ಪುಟದಿಂದ ಶುರು ಮಾಡುವ ದಾರಿ ಹೆಚ್ಚು ಫಲ ಕೊಡುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಕನ್ನಡಿಗರಿಗೆ ಆ ಪುಟ ಯಾವುದಿರಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಹಾಸನದಲ್ಲಿ ಹುಟ್ಟಿ, ಆರಂಭದ ಬರಹಗಳನ್ನು ಧಾರವಾಡದ ‘ಜಯಕರ್ನಾಟಕ’ದಲ್ಲಿ ಕನ್ನಡದಲ್ಲೇ ಪ್ರಕಟಿಸಿದ ರಾಜಾ ರಾವ್ ಅವರ ‘ಕಾಂತಾಪುರ’ದ ಮೊದಲ ಪುಟ. ಲಂಡನ್ನಿನಲ್ಲಿ 1938ರಲ್ಲಿ ಅಚ್ಚಾದ ಈ ಕಾದಂಬರಿಯನ್ನು ಹೇಳುತ್ತಿರುವವಳು ಅಚ್ಚಕ್ಕ ಎಂಬ ಮುದುಕಿ. ಪುಟವನ್ನು ಮೂರು ಸಲ ಓದಬೇಕು. ಮೊದಲ ಸಲ ದೊಡ್ಡ ದನಿಯಲ್ಲಿ, ಎಲ್ಲೂ ನಿಲ್ಲದೆ. ನಮ್ಮೂರು ಅಂತ ಶುರು ಮಾಡಿ, ನೀವದರ ಹೆಸರು ಕೇಳಿರಲಾರಿರಿ ಅಂತ ನಡುವೆ ಒಂದು ಮಾತು ಸೇರಿಸಿ, ಆಮೇಲೆ ಕಾಂತಾಪುರ ಅಂತ ಹೆಸರು ಹೇಳುವ ಆ ಮೊದಲ ವಾಕ್ಯದ ನಡಿಗೆ ಜಗಲಿಯ ಮೇಲೆ ಕೂತ ಹೆಂಗಸಿನ ಮಾತಿನದು ಎಂಬುದು ಕಣ್ಣಿಗಿಂತ ಮೊದಲು ನಾಲಿಗೆಗೆ ತಿಳಿಯುತ್ತದೆ. ಎರಡನೇ ಸಲ ಪ್ರತಿ ವಾಕ್ಯವನ್ನೂ ನಿಘಂಟು ಮುಟ್ಟದೆ ಕನ್ನಡದಲ್ಲಿ ಹೇಳಿ ನೋಡಬೇಕು. ಬರೆಯಬೇಕಿಲ್ಲ, ಹೇಳಿದರೆ ಸಾಕು. ಮೂರನೇ ಸಲ ಪೆನ್ಸಿಲ್ ಹಿಡಿದು ಎರಡು ಬಗೆಯ ಗುರುತು ಹಾಕಬೇಕು: ಸಲೀಸಾಗಿ ಕನ್ನಡಕ್ಕೆ ಬಂದ ವಾಕ್ಯಕ್ಕೆ ಒಂದು ಗೆರೆ, ಎಷ್ಟು ತಿಣುಕಿದರೂ ಬಾರದ ವಾಕ್ಯಕ್ಕೆ ಎರಡು.

ಒಂದು ಗೆರೆಯ ವಾಕ್ಯಗಳು ಈ ಕಾದಂಬರಿಯಲ್ಲಿ ಹೇರಳ. ‘ಮತ್ತು’ವಿನಿಂದ ‘ಮತ್ತು’ವಿಗೆ ಜಿಗಿಯುತ್ತ ಅರ್ಧ ಪುಟ ಓಡುವ ವಾಕ್ಯಗಳು ಅಚ್ಚಕ್ಕನ ಉಸಿರಿನವು. ಜಲಪಾತದ ವೆಂಕಮ್ಮ, ಮೂಲೆಮನೆ ನರಸಮ್ಮ, ಮೂಗು ಕೆರೆಯುವ ನಂಜಮ್ಮ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಓದುವ ಹೊರಗಿನವರಿಗೆ ಅವು ವಿಚಿತ್ರ ಅಲಂಕಾರ. ನಮ್ಮ ಹಳ್ಳಿಗಳಲ್ಲಿ ಜನರನ್ನು ಗುರುತಿಸುವ ದಿನನಿತ್ಯದ ಪದ್ಧತಿಯೇ ಅದು. ನಿಜವಾದ ಕೆಲಸ ಇರುವುದು ಎರಡು ಗೆರೆಯ ವಾಕ್ಯಗಳಲ್ಲಿ. ಅವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಏಕೆ ಬರಲಿಲ್ಲ ಎಂದು ಕೇಳಬೇಕು. ಕೆಲವು ಕಡೆ ಬೈಬಲ್ಲಿನ ಇಂಗ್ಲಿಷಿನ ಲಯ ಇರುತ್ತದೆ. ಕೆಲವು ಕಡೆ ಇಂಗ್ಲಿಷ್ ಗಾದೆಯನ್ನೇ ತಿರುಚಿರುತ್ತಾರೆ. ಅಳಿಲಿಗೂ ಒಂದು ದಿನ ಬರುತ್ತದೆ ಎಂಬ ಮಾತು ಕನ್ನಡದ್ದೆಂದು ಮೊದಲಿಗೆ ಅನಿಸುತ್ತದೆ. ಅದು ನಾಯಿಗೂ ಒಂದು ದಿನ ಉಂಟು ಎಂಬ ಇಂಗ್ಲಿಷ್ ಗಾದೆ; ನಾಯಿಯ ಜಾಗಕ್ಕೆ ಅಳಿಲು ಬಂದಿದೆ. ಅಳಿಲು ಎಂದೊಡನೆ ನಮಗೆ ಸೇತುವೆ ಕಟ್ಟುವಾಗಿನ ಅಳಿಲುಸೇವೆ ನೆನಪಾಗುತ್ತದೆ. ಆ ನೆನಪು ನಮ್ಮದು, ಪಠ್ಯ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಪಠ್ಯದಲ್ಲಿರುವುದನ್ನು ಒಂದು ಬಣ್ಣದಲ್ಲೂ ನಾವು ತಂದು ಸೇರಿಸಿದ್ದನ್ನು ಇನ್ನೊಂದು ಬಣ್ಣದಲ್ಲೂ ಬರೆದಿಟ್ಟುಕೊಳ್ಳುವ ಅಭ್ಯಾಸ ಮೊದಲ ವಾರದಲ್ಲೇ ಆಗಬೇಕು. ಇದಾಗದವರು ಮುಂದೆ ಪ್ರತಿ ಪ್ರಬಂಧದಲ್ಲೂ ತಮ್ಮ ಊರನ್ನೇ ಬರೆಯುತ್ತಾರೆ, ಕಾಂತಾಪುರವನ್ನಲ್ಲ.

ಕಾದಂಬರಿಗೆ ರಾಜಾ ರಾವ್ ಬರೆದ ಪುಟ್ಟ ಮುನ್ನುಡಿಯನ್ನು ಪುಸ್ತಕ ಮುಗಿದ ಮೇಲೆ ಓದುವುದು ಮೇಲು. ತನ್ನದಲ್ಲದ ಭಾಷೆಯಲ್ಲಿ ತನ್ನದಾದ ಚೇತನವನ್ನು ದಾಟಿಸುವ ಕಷ್ಟವನ್ನು ಅಲ್ಲಿ ಹೇಳುತ್ತಾರೆ. ಇಂಗ್ಲಿಷ್ ನಮಗೆ ಪೂರ್ತಿ ಪರಕೀಯವಲ್ಲ, ಹಿಂದೆ ಸಂಸ್ಕೃತ, ಪಾರ್ಸಿಗಳಿದ್ದಂತೆ ನಮ್ಮ ಬುದ್ಧಿಯ ಭಾಷೆ, ಭಾವದ ಭಾಷೆಯಲ್ಲ ಎಂದೂ ಹೇಳುತ್ತಾರೆ. ಈ ಮುನ್ನುಡಿಯ ಒಂದು ವಾಕ್ಯ ಎಲ್ಲರ ಉತ್ತರಪತ್ರಿಕೆಯಲ್ಲೂ ಕಾಣಿಸಿಕೊಳ್ಳುತ್ತದೆ. ಅದರ ಜೊತೆಗೆ ಅದನ್ನು ಆಗುಮಾಡಿ ತೋರಿಸುವ ಕಾದಂಬರಿಯ ಒಂದು ವಾಕ್ಯ ಕಾಣಿಸಿಕೊಳ್ಳುವುದು ಅಪರೂಪ. ಆವೃತ್ತಿಯ ಬಗ್ಗೆಯೂ ಒಂದು ಮಾತು: 1963ರ ಅಮೆರಿಕದ ಆವೃತ್ತಿಗೆ ಲೇಖಕರೇ ಟಿಪ್ಪಣಿಗಳನ್ನು ಸೇರಿಸಿದರು. ಸಿಕ್ಕರೆ ಆ ಟಿಪ್ಪಣಿಗಳನ್ನು ಬೇರೆಯಾಗಿ ಓದಿ. ಯಾವುದನ್ನು ಹೊರಗಿನವರಿಗೆ ವಿವರಿಸಬೇಕು, ಯಾವುದನ್ನು ಬಿಡಬಹುದು ಎಂದು ಲೇಖಕ ತೀರ್ಮಾನಿಸುವ ಬಗೆಯೇ ಒಂದು ಪಾಠ. ಇದೇ ಮಲೆನಾಡಿನ ನೆಲದಲ್ಲಿ, ಕಾಂತಾಪುರಕ್ಕೆ ಎರಡು ವರ್ಷ ಮೊದಲು, 1936ರಲ್ಲಿ ಕುವೆಂಪು ‘ಕಾನೂರು ಹೆಗ್ಗಡಿತಿ’ ಪ್ರಕಟಿಸಿದ್ದರು. ಅದರಲ್ಲಿ ಟಿಪ್ಪಣಿಯ ಹಂಗೇ ಇಲ್ಲದೆ ಕಾಡು, ಕಣಿವೆ, ಜಾತಿ, ಮನೆತನಗಳು ಬರುತ್ತವೆ. ಎರಡರಿಂದಲೂ ಹತ್ತತ್ತು ಪುಟ ಪಕ್ಕಪಕ್ಕ ಇಟ್ಟು ಓದಿದರೆ ಓದುಗ ಯಾರೆಂದು ಭಾವಿಸಿ ಬರೆದಿದ್ದಾರೆ ಎನ್ನುವುದು ವಾಕ್ಯವಾಕ್ಯಕ್ಕೂ ಗೋಚರಿಸುತ್ತದೆ.

ಇಷ್ಟು ಮಾಡಿದ ಮೇಲೆ ಒಂದು ಭ್ರಮೆ ಹುಟ್ಟುತ್ತದೆ: ಎಲ್ಲ ಭಾರತೀಯ ಇಂಗ್ಲಿಷಿನ ಕೆಳಗೂ ಒಂದು ದೇಸಿ ಭಾಷೆ ಹರಿಯುತ್ತಿದೆ, ಅದನ್ನು ಕೇಳಿಸಿಕೊಂಡರೆ ಸಾಕು ಎಂಬ ಭ್ರಮೆ. ಅದನ್ನು ಒಡೆಯಲು ಎರಡನೇ ಪುಸ್ತಕವಾಗಿ ಆರ್.ಕೆ. ನಾರಾಯಣ್ ಬೇಕು. ಮೈಸೂರಿನಲ್ಲಿ ಬಾಳಿದ, ಮಹಾರಾಜ ಕಾಲೇಜಿನಲ್ಲಿ ಓದಿದ ನಾರಾಯಣ್ ಅವರ ಇಂಗ್ಲಿಷ್ ತಿಳಿನೀರಿನಂಥದು. ಗೆರೆ ಹಾಕಲು ಪೆನ್ಸಿಲ್ ಹಿಡಿದು ಕೂತರೆ ಐವತ್ತು ಪುಟಕ್ಕೂ ಒಂದು ಗೆರೆ ಬೀಳುವುದಿಲ್ಲ. ಇಲ್ಲಿ ನೋಡಬೇಕಾದದ್ದು ಕಥೆಯ ಜೋಡಣೆಯನ್ನು. ‘ದಿ ಗೈಡ್’ 1958ರದು; 1960ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಿಂದಲೇ ಆ ಪ್ರಶಸ್ತಿಯಲ್ಲಿ ಇಂಗ್ಲಿಷಿನ ಲೆಕ್ಕ ಶುರುವಾಗುತ್ತದೆ. ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಸೀಳಿ, ಎಡಕ್ಕೆ ನಿರೂಪಕ ಹೇಳುವ ಈಗಿನ ಕಥೆ, ಬಲಕ್ಕೆ ನಾಯಕ ರಾಜು ‘ನಾನು’ ಎಂದು ಹೇಳುವ ಹಿಂದಿನ ಕಥೆ ಎಂದು ಬರೆಯುತ್ತ ಹೋಗಿ. ಬಲಗಡೆಯದು ರೈಲ್ವೆ ಸ್ಟೇಷನ್ನಿನ ಅಂಗಡಿಯಿಂದ ನರ್ತಕಿ ರೋಸಿ ಮತ್ತು ಅವಳ ಗಂಡ ಮಾರ್ಕೋವರೆಗೆ, ಅಲ್ಲಿಂದ ಸುಳ್ಳು ಸಹಿಗೆ, ಎರಡು ವರ್ಷದ ಜೈಲಿಗೆ ಹೋಗುತ್ತದೆ. ಎಡಗಡೆಯದು ಪಾಳು ದೇವಾಲಯ, ರಾಜುವನ್ನು ಸಾಧುವೆಂದು ನಂಬಿದ ಹಳ್ಳಿಗ ವೇಲನ್, ಬರ, ಉಪವಾಸ. ಬಲಗಡೆಯ ಕಥೆಯನ್ನು ರಾಜು ಹೇಳುತ್ತಿರುವುದೇ ವೇಲನ್‌ಗೆ ಎಂಬುದು ತಡವಾಗಿ ತಿಳಿಯುತ್ತದೆ. ಹೇಳಿ ಮುಗಿಸಿದ ಮೇಲೂ ವೇಲನ್‌ನ ಭಕ್ತಿ ಅಲ್ಲಾಡುವುದಿಲ್ಲ. ಇಡೀ ಕಾದಂಬರಿ ನಿಂತಿರುವುದು ಆ ಬಿಂದುವಿನ ಮೇಲೆ. ಇಲ್ಲಿ ಎಲ್ಲರೂ ಜಾರುವ ಜಾಗ ಕೊನೆಯ ಪ್ಯಾರಾ. ರಾಜು ಸಂತನಾದ, ಮಳೆ ಬಂತು ಎಂದು ಬರೆದುಬಿಡುತ್ತಾರೆ. ಬೆಟ್ಟದಲ್ಲಿ ಮಳೆಯಾಗುತ್ತಿದೆ ಎನ್ನುವುದು ರಾಜುವಿನ ಬಾಯಿಯ ಮಾತು. ನಿರೂಪಕ ಅದನ್ನು ಖಚಿತಪಡಿಸುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಸಿನಿಮಾ ನೋಡಿ ಉತ್ತರ ಬರೆದವರು ಸಿಕ್ಕಿಬೀಳುವುದು ಇಲ್ಲೇ.

ಮೂರನೆಯದು ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’, 1935. ಬಖಾ ಎಂಬ ಜಾಡಮಾಲಿ ಹುಡುಗನ ಒಂದೇ ದಿನದ ಕಥೆ. ಇದನ್ನು ಓದುವಾಗ ಗಂಟೆಗಳ ಪಟ್ಟಿ ಮಾಡಬೇಕು: ಬೆಳಗಿನ ಚಳಿ, ಪಾಯಖಾನೆಯ ಕೆಲಸ, ಬೀದಿಯಲ್ಲಿ ಮೈ ತಾಕಿದ್ದಕ್ಕೆ ಬಿದ್ದ ಏಟು, ದೇವಾಲಯದ ಅಂಗಳ, ಸಂಜೆ ಕೇಳಿಬರುವ ಮೂರು ಪರಿಹಾರಗಳು. ಮಿಷನರಿ, ಗಾಂಧಿ, ಮತ್ತು ನೀರು ಹರಿಸುವ ಹೊಸ ಬಗೆಯ ಶೌಚಾಲಯದ ಬಗ್ಗೆ ಮಾತಾಡುವ ಕವಿ. ಬೆಳಗ್ಗೆ ಬಖಾನ ಮೈಯಲ್ಲಿ ಇದ್ದ ನಿರೂಪಣೆ ಸಂಜೆಯ ಹೊತ್ತಿಗೆ ಭಾಷಣಗಳತ್ತ ಸರಿಯುವುದು ಈ ಪಟ್ಟಿಯಿಂದ ಸ್ಪಷ್ಟವಾಗುತ್ತದೆ. ಇದರ ಜೊತೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ ಓದಲೇಬೇಕು, 1933ರದು. ಎರಡರ ನಡುವೆ ಎರಡೇ ವರ್ಷ. ಇಬ್ಬರು ಲೇಖಕರೂ ತಾವು ಬರೆಯುತ್ತಿರುವ ಬದುಕಿನ ಹೊರಗಿನವರು. ಚೋಮ ಕೇಳುವುದು ಉಳಲು ನೆಲ. ಬಖಾನ ಮುಂದೆ ಇಟ್ಟ ಮೂರು ಪರಿಹಾರಗಳಲ್ಲಿ ನೆಲದ ಪ್ರಸ್ತಾಪವೇ ಇಲ್ಲ. ಹೋಲಿಕೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬಖಾ ಪಂಜಾಬಿಯಲ್ಲಿ ಆಡಬೇಕಾದ ಮಾತನ್ನು ಆನಂದ್ ಇಂಗ್ಲಿಷಿಗೆ ತಿರುಗಿಸಿದ್ದಾರೆ, ಬೈಗುಳಗಳನ್ನು ಶಬ್ದಶಃ ತಂದಿದ್ದಾರೆ ಎಂದು ಎಲ್ಲರೂ ಬರೆಯುತ್ತಾರೆ. ಚೋಮನ ನಾಡಿನ ಮಾತು ತುಳು. ಕಾರಂತರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಅನುವಾದ ಇಂಗ್ಲಿಷಿನಲ್ಲಿ ಬರೆಯುವವರ ಪಾಡು ಮಾತ್ರ ಎಂದು ತಿಳಿದಿದ್ದ ವಿದ್ಯಾರ್ಥಿಗೆ ಇಲ್ಲಿ ನೆಲ ಸ್ವಲ್ಪ ಅಲುಗಾಡುತ್ತದೆ. ಅಲುಗಾಡಬೇಕು.

ಈಗ ಇತಿಹಾಸದ ಪುಸ್ತಕ ತೆಗೆಯಬಹುದು. ಮೂರು ಕೃತಿ ಒಳಗಿಳಿದ ಮೇಲೆ ಇಸವಿಗಳು ತಾವಾಗಿ ಜಾಗ ಹುಡುಕಿಕೊಳ್ಳುತ್ತವೆ. ಎಲ್ಲವನ್ನೂ ನೆನಪಿಡುವ ಅಗತ್ಯವಿಲ್ಲ. ಆರಂಭದಿಂದ ಹತ್ತೊಂಬತ್ತನೇ ಶತಮಾನದವರೆಗೆ ನಾಲ್ಕೈದು ಗೂಟ ಸಾಕು: ದೀನ್ ಮಹಮದ್ ಐರ್ಲೆಂಡಿನಲ್ಲಿ ಪ್ರವಾಸ ಕಥನ ಪ್ರಕಟಿಸಿದ 1794, ಕಲ್ಕತ್ತೆಯ ಕವಿ ಡೆರೋಜಿಯೋ ಅವರ ಕಿರು ಬದುಕು 1809ರಿಂದ 1831, ಬಂಕಿಮಚಂದ್ರರ ಏಕೈಕ ಇಂಗ್ಲಿಷ್ ಕಾದಂಬರಿ ‘ರಾಜಮೋಹನ್ಸ್ ವೈಫ್’ 1864, ಕವಯಿತ್ರಿ ತೋರು ದತ್ ತೀರಿಕೊಂಡ 1877, ಆಕೆಯ ಬಲ್ಲಾಡುಗಳು ಎಂಬ ಕಥನಕವನಗಳು ಅಚ್ಚಾದ 1882. ಇವುಗಳ ನಡುವೆ 1835 ಎಂಬ ಇಸವಿಗೆ ಕೆಂಪು ಶಾಯಿ ಬಳಸಿ. ಆ ವರ್ಷದ ಫೆಬ್ರವರಿ 2ರಂದು ಮೆಕಾಲೆ ಇಂಗ್ಲಿಷ್ ಶಿಕ್ಷಣವನ್ನು ಸಮರ್ಥಿಸುವ ತನ್ನ ಟಿಪ್ಪಣಿ ಬರೆದ. ಅದೇ ವರ್ಷ ಕಲ್ಕತ್ತೆಯ ಹಿಂದೂ ಕಾಲೇಜಿನ ಹುಡುಗ ಕೈಲಾಸಚಂದ್ರ ದತ್, 1945ರಲ್ಲಿ ಬ್ರಿಟಿಷರ ವಿರುದ್ಧ ನಡೆಯುವ ದಂಗೆಯನ್ನು ಕಲ್ಪಿಸಿ ಇಂಗ್ಲಿಷಿನಲ್ಲಿ ಕಥೆ ಪ್ರಕಟಿಸಿದ. ಇಂಗ್ಲಿಷ್ ಕೊಟ್ಟದ್ದು ಯಾಕೆ, ಅದು ಆಗಿದ್ದು ಏನು ಎಂಬುದನ್ನು ವಿವರಿಸಲು ಇವೆರಡನ್ನು ಎದುರುಬದುರು ಇಡುವುದಕ್ಕಿಂತ ಒಳ್ಳೆಯ ದಾರಿ ನಮಗೆ ತೋರಿಲ್ಲ. ಹೆಸರಿನ ಗೊಂದಲವನ್ನೂ ಈ ಹಂತದಲ್ಲೇ ಬಗೆಹರಿಸಿಕೊಳ್ಳಬೇಕು. ಆಂಗ್ಲೋ-ಇಂಡಿಯನ್ ಸಾಹಿತ್ಯ ಎಂದರೆ ಕಿಪ್ಲಿಂಗ್‌ನಂಥ ಆಂಗ್ಲರು ಭಾರತದ ಬಗ್ಗೆ ಬರೆದದ್ದು. ಇಂಡೋ-ಆಂಗ್ಲಿಯನ್ ಎಂದರೆ ಭಾರತೀಯರು ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಹಿಂದೆ ಇದ್ದ ಹೆಸರು. ಗೋಕಾಕರು 1970ರಲ್ಲಿ ಸಂಪಾದಿಸಿದ ಕಾವ್ಯ ಸಂಕಲನದ ಶೀರ್ಷಿಕೆಯಲ್ಲೂ ಅದೇ ಇದೆ. ಈಗ ಯಾರೂ ಬಳಸುವುದಿಲ್ಲ. ಎರಡನ್ನೂ ಅದಲುಬದಲು ಮಾಡಿ ಬರೆದರೆ ಮೌಲ್ಯಮಾಪಕರು ಮುಂದೆ ಓದುವ ಉತ್ಸಾಹ ಕಳೆದುಕೊಳ್ಳುತ್ತಾರೆ.

ಕಾವ್ಯಕ್ಕೆ ಕನಿಷ್ಠ ಐದು ವಾರ ಬೇಕು. ಪಠ್ಯಕ್ರಮಗಳು ಎರಡು ವಾರ ಕೊಟ್ಟರೂ ಉಳಿದದ್ದನ್ನು ನಾವೇ ಕದ್ದುಕೊಳ್ಳಬೇಕು, ಏಕೆಂದರೆ ಕನ್ನಡದ ಕಿವಿ ಅತಿ ಹೆಚ್ಚು ತೊಡಕು ಕೊಡುವುದು ಇಲ್ಲಿ. ನಮ್ಮ ಕಿವಿ ಮಾತ್ರೆ ಎಣಿಸಿ ಬೆಳೆದದ್ದು, ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹುಡುಕುವುದು. ಇಂಗ್ಲಿಷ್ ಪದ್ಯ ನಡೆಯುವುದು ಉಚ್ಚಾರದ ಒತ್ತಿನ (ಸ್ಟ್ರೆಸ್) ಮೇಲೆ, ಅದರ ಅನುಪ್ರಾಸ ಕೂರುವುದು ಪದದ ಮೊದಲ ವ್ಯಂಜನದ ಮೇಲೆ. ಹೀಗಾಗಿ ಎ.ಕೆ. ರಾಮಾನುಜನ್ ಅವರ ‘ಆಬಿಚುಅರಿ’ ಪದ್ಯದಲ್ಲಿ ತಂದೆ ಬಿಟ್ಟುಹೋದ ಧೂಳು, ಸಾಲ, ಹೆಣ್ಣುಮಕ್ಕಳು ಮೂರೂ ಇಂಗ್ಲಿಷಿನಲ್ಲಿ ‘ಡ’ಕಾರದಿಂದ ಶುರುವಾಗುತ್ತವೆ ಎನ್ನುವುದು ಮೊದಲ ಓದಿಗೆ ನಮ್ಮಲ್ಲಿ ಅನೇಕರಿಗೆ ಕೇಳಿಸುವುದೇ ಇಲ್ಲ. ಕೇಳಿಸಿದ ಮೇಲೆ ಆ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ ಕಹಿ ತಿಳಿಯುತ್ತದೆ. ‘ಬಿಟ್ಟುಹೋದ’ ಎನ್ನುವ ಕ್ರಿಯಾಪದ ಆಸ್ತಿಗೂ ಸಲ್ಲುತ್ತದೆ, ಉಳಿದುಹೋದ ಕಸಕ್ಕೂ ಸಲ್ಲುತ್ತದೆ ಎನ್ನುವುದೂ ಆಗಲೇ ಹೊಳೆಯುವುದು.

ಒತ್ತಿನ ಅಭ್ಯಾಸಕ್ಕೆ ನಿಸ್ಸೀಮ್ ಎಜೆಕಿಯಲ್ ಅವರ ‘ಎಂಟರ್‌ಪ್ರೈಸ್’ ಬಲು ಅನುಕೂಲ. 1960ರ ಸಂಕಲನದ್ದು. ಐದೈದು ಸಾಲಿನ ನುಡಿಗಳು, ಸಾಲಿಗೆ ನಾಲ್ಕು ಒತ್ತು, ಪ್ರಾಸ ಒಂದು-ಮೂರು-ಐದಕ್ಕೆ ಒಂದು, ಎರಡು-ನಾಲ್ಕಕ್ಕೆ ಇನ್ನೊಂದು. ಮೇಜಿನ ಮೇಲೆ ಬೆರಳಲ್ಲಿ ತಟ್ಟುತ್ತ ಓದಿದರೆ ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ. ಯಾತ್ರೆ ಹೊರಟವರ ಗುಂಪು ಒಡೆಯುತ್ತ ಹೋಗುವುದನ್ನು ಈ ಪದ್ಯ ಹೇಳುತ್ತದೆ. ಒಡೆಯುವ ಗುಂಪನ್ನು ಒಡೆಯದ ಛಂದಸ್ಸಿನಲ್ಲಿ ಹಿಡಿದಿಟ್ಟಿದ್ದಾರೆ ಎನ್ನುವುದೇ ಬರೆಯಲು ಯೋಗ್ಯವಾದ ಮಾತು. ಅವರದೇ ‘ನೈಟ್ ಆಫ್ ದಿ ಸ್ಕಾರ್ಪಿಯನ್’ನಲ್ಲಿ ಛಂದಸ್ಸಿಲ್ಲ. ಹತ್ತು ಗಂಟೆಯ ಮಳೆಗೆ ಅಕ್ಕಿಮೂಟೆಯ ಕೆಳಗೆ ಸೇರಿದ ಚೇಳು, ಮಂತ್ರ ಜಪಿಸುವಂತೆ ಮಾತಾಡುವ ರೈತರು, ಸೀಮೆಎಣ್ಣೆ ಸುರಿದು ಕಡ್ಡಿ ಗೀರುವ ವಿಚಾರವಾದಿ ತಂದೆ, ಇಪ್ಪತ್ತು ಗಂಟೆ ಕಳೆದ ಮೇಲೆ ಇಳಿದ ವಿಷ. ಮೂಢನಂಬಿಕೆಯ ಖಂಡನೆ ಎಂದು ಇದಕ್ಕೆ ಷರಾ ಬರೆಯುವುದು ವಾಡಿಕೆ. ರೈತರ ಮಾತುಗಳು ಬರುವ ಸಾಲುಗಳನ್ನು ಎಣಿಸಿ, ತಂದೆಯ ಪಾಲಿನ ಸಾಲುಗಳನ್ನೂ ಎಣಿಸಿ. ಲಯ ಯಾರ ಕಡೆ ಗಟ್ಟಿಯಾಗಿದೆ ಎಂದು ಕೇಳಿಸಿಕೊಳ್ಳಿ. ಆ ವಾಡಿಕೆಯ ಷರಾ ನಿಲ್ಲುವುದಿಲ್ಲ.

ರಾಮಾನುಜನ್ ಅವರನ್ನು ಓದುವವರು ಪದ್ಯವನ್ನು ಕೈಯಾರೆ ನಕಲು ಮಾಡಬೇಕು, ಮೊದಲು ಗದ್ಯದಂತೆ ಸಾಲು ಮುರಿಯದೆ. ಆಮೇಲೆ ನಮಗೆ ತೋಚಿದಲ್ಲಿ ಸಾಲು ಮುರಿದು ನೋಡಬೇಕು. ಕೊನೆಗೆ ಅಚ್ಚಿನ ಪುಟದೊಂದಿಗೆ ಹೋಲಿಸಬೇಕು. ‘ಎ ರಿವರ್’ನಲ್ಲಿ ಈ ಕೆಲಸ ಮಾಡಿದರೆ, ಮಧುರೆಯ ನದಿ ಬತ್ತಿದಾಗ ಮರಳಲ್ಲಿ ಕಾಣುವ ಕಸಕಡ್ಡಿಯ ಮೇಲೆ ಕವಿ ಎಷ್ಟು ಹೊತ್ತು ಕಣ್ಣು ನಿಲ್ಲಿಸಿದ್ದಾರೆ ಎನ್ನುವುದು ಕಾಣುತ್ತದೆ. ಹಳೆಯ ಕವಿಗಳು, ಹೊಸ ಕವಿಗಳು ಇಬ್ಬರೂ ಪ್ರವಾಹವನ್ನಷ್ಟೇ ಹಾಡಿದರು; ಕೊಚ್ಚಿಹೋದ ಮೂರು ಮನೆ, ಎರಡು ಹಸು, ಒಬ್ಬಳು ಬಸುರಿ ಎಂಬ ಲೆಕ್ಕ ಪದ್ಯದಲ್ಲಿ ಮತ್ತೆ ಬರುತ್ತದೆ. ಮೊದಲ ಸಲ ಸುದ್ದಿಯಾಗಿದ್ದದ್ದು ಎರಡನೇ ಸಲ ಆರೋಪವಾಗುತ್ತದೆ. ಹಸುಗಳಿಗೆ ಹೆಸರಿದೆ, ಬಸುರಿಗೆ ಇಲ್ಲ. ರಾಮಾನುಜನ್ ಮೈಸೂರಿನವರು, ಕನ್ನಡದಲ್ಲೂ ಕವಿ. 1966ರ ‘ದಿ ಸ್ಟ್ರೈಡರ್ಸ್’ ಸಂಕಲನದ ಪಕ್ಕದಲ್ಲಿ 1969ರ ‘ಹೊಕ್ಕುಳಲ್ಲಿ ಹೂವಿಲ್ಲ’ ಇಟ್ಟುಕೊಳ್ಳುವ ಭಾಗ್ಯ ಬೇರೆ ಭಾಷೆಯ ವಿದ್ಯಾರ್ಥಿಗಳಿಗೆ ಇಲ್ಲ. ಇಟ್ಟುಕೊಂಡವರು ಒಂದು ತಪ್ಪು ಮಾಡುತ್ತಾರೆ: ಕನ್ನಡದ ಪದ್ಯವನ್ನು ಮೂಲವೆಂದೂ ಇಂಗ್ಲಿಷಿನದನ್ನು ನೆರಳೆಂದೂ ಓದುತ್ತಾರೆ. ಎರಡರಲ್ಲೂ ಅಪ್ಪ, ಮನೆ, ಮೈ, ಹುಳುಹುಪ್ಪಟೆಗಳಿವೆ. ವಾಕ್ಯ ಮುರಿಯುವ ರೀತಿ ಮಾತ್ರ ಬೇರೆ ಬೇರೆ, ಏಕೆಂದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕಾಯಿಸುತ್ತದೆ, ಇಂಗ್ಲಿಷಿನಲ್ಲಿ ಬೇಗ ಬಂದುಬಿಡುತ್ತದೆ. ಇದೊಂದನ್ನೇ ಹಿಡಿದು ಇಪ್ಪತ್ತು ಪುಟದ ಒಳ್ಳೆಯ ಪ್ರಬಂಧ ಬರೆಯಬಹುದು.

ಅರುಣ್ ಕೊಲಟ್ಕರ್ ಅವರ ‘ಜೆಜುರಿ’ 1976ರದು, 31 ಪದ್ಯಗಳ ಸರಣಿ. ಬಿಡಿ ಪದ್ಯಗಳನ್ನು ಆಯ್ದು ಓದಬೇಡಿ. ಬಸ್ಸಿನಿಂದ ಶುರುವಾಗಿ ರೈಲ್ವೆ ಸ್ಟೇಷನ್ನಿಗೆ ಮುಗಿಯುವ ಒಂದು ದಿನದ ಪಯಣ ಅದು, ಒಂದೇ ಕೂರಿಕೆಯಲ್ಲಿ ಒಂದೂವರೆ ಗಂಟೆ ಸಾಕು. ಮಹಾರಾಷ್ಟ್ರದ ಜೆಜುರಿಯ ಖಂಡೋಬ ನಮ್ಮ ಮೈಲಾರಲಿಂಗನೇ. ಭಂಡಾರ, ಗೊರವರು, ‘ಏಳುಕೋಟಿ’ ಎನ್ನುವ ಉಘೇ ಉತ್ತರ ಕರ್ನಾಟಕದವರಿಗೆ ಹೊಸತಲ್ಲ. ಆದ್ದರಿಂದಲೇ ಇಲ್ಲಿ ಎಚ್ಚರ ಬೇಕು. ಮೈಲಾರದ ಜಾತ್ರೆ ಬಲ್ಲವರು ಪದ್ಯದ ನಿರೂಪಕನನ್ನು ನಾಸ್ತಿಕ, ಪಟ್ಟಣದ ಕೊಬ್ಬಿನವನು ಎಂದು ಬೇಗ ತಳ್ಳಿಹಾಕುತ್ತಾರೆ. ‘ಆ್ಯನ್ ಓಲ್ಡ್ ವುಮನ್’ ಪದ್ಯದಲ್ಲಿ ಕಾಸು ಕೇಳುವ ಮುದುಕಿಯ ಮುಂದೆ ಅವನು ಕೊನೆಗೆ ಏನಾಗುತ್ತಾನೆ ಎಂದು ನೋಡಿ: ಕೈಯಲ್ಲಿನ ಚಿಲ್ಲರೆಯಷ್ಟಾಗುತ್ತಾನೆ. ನೋಡುವವನ ನೋಟವೇ ಪರೀಕ್ಷೆಗೆ ಒಳಗಾಗುವ ಪದ್ಯಗಳಿವು. ಕಮಲಾ ದಾಸ್ ಅವರ ‘ಆ್ಯನ್ ಇಂಟ್ರೊಡಕ್ಷನ್’ ಬಗ್ಗೆ ಒಂದೇ ಮಾತು: ಅಲ್ಲಿನ ‘ನಾನು’ವನ್ನು ಜೀವನಚರಿತ್ರೆಯಿಂದ ತುಂಬಬೇಡಿ. ಆ ‘ನಾನು’ ಪದ್ಯದ ಕೊನೆಯ ಭಾಗದಲ್ಲಿ ಎದುರಿಗಿರುವ ಗಂಡಿನ ಬಾಯಿಗೂ ಹೋಗಿ ಬರುತ್ತದೆ. ಅದನ್ನು ಗಮನಿಸದಿದ್ದರೆ ಪದ್ಯವೇ ಕೈತಪ್ಪುತ್ತದೆ.

ದೊಡ್ಡ ಕಾದಂಬರಿಗಳಿಗೆ ಬರುವಾಗ ಹನ್ನೊಂದನೇ ವಾರ. ಸಲ್ಮಾನ್ ರಷ್ದಿಯವರ ‘ಮಿಡ್‌ನೈಟ್ಸ್ ಚಿಲ್ಡ್ರನ್’ (1981) ಅರ್ಧಕ್ಕೆ ಬಿಡುವವರೇ ಹೆಚ್ಚು. ಬಿಡಲು ಕಾರಣ ಭಾಷೆಯ ಕಷ್ಟಕ್ಕಿಂತ ಕಾಲದ ಗೊಂದಲ. ಓದುವ ಮುನ್ನವೇ ಒಂದು ಹಾಳೆಯಲ್ಲಿ 1915ರಿಂದ 1978ರವರೆಗೆ ಗೆರೆ ಎಳೆದು, ಮೇಲ್ಬದಿಗೆ ದೇಶದ ಘಟನೆಗಳನ್ನು ಬರೆದಿಡಿ: 1919ರ ಏಪ್ರಿಲ್ 13, ಜಲಿಯನ್‌ವಾಲಾಬಾಗ್, 1947ರ ಆಗಸ್ಟ್ 15, ಬೊಂಬಾಯಿಯ ಭಾಷಾ ಗಲಭೆಗಳು, 1965, 1971ರ ಯುದ್ಧಗಳು, 1975ರ ಜೂನ್ 25ರ ತುರ್ತು ಪರಿಸ್ಥಿತಿ. ಓದುತ್ತ ನಿರೂಪಕ ಸಲೀಂನ ಮನೆತನದ ಘಟನೆಗಳನ್ನು ಕೆಳಬದಿಗೆ ಸೇರಿಸಿ. ಮೂವತ್ತು ಅಧ್ಯಾಯ, ಉಪ್ಪಿನಕಾಯಿಯ ಮೂವತ್ತು ಜಾಡಿ, ಖಾಲಿ ಉಳಿದ ಇನ್ನೊಂದು. ದಿನಕ್ಕೆ ಎರಡು ಅಧ್ಯಾಯದಂತೆ ಹದಿನೈದು ದಿನ. ಗೆರೆಯ ಮೇಲೂ ಕೆಳಗೂ ಹೊಂದದ ಜಾಗಗಳು ಸಿಗುತ್ತವೆ; ಗಾಂಧಿಯ ಹತ್ಯೆಯ ದಿನವನ್ನು ಸಲೀಂ ತಪ್ಪಾಗಿ ಹೇಳಿ, ಹೇಳಿದ ಮೇಲೆ ಒಪ್ಪಿಕೊಳ್ಳುತ್ತಾನೆ. ಅದನ್ನು ಲೇಖಕರ ತಪ್ಪೆಂದು ಗುರುತು ಹಾಕಿದವರನ್ನೂ ಕಂಡಿದ್ದೇವೆ. ನೆನಪು ಹೇಳುವ ಇತಿಹಾಸ ಎಂಥದು ಎಂಬ ಪ್ರಶ್ನೆಯೇ ಆ ತಪ್ಪಿನೊಳಗಿದೆ.

ಅಮಿತಾವ್ ಘೋಷ್ ಅವರ ‘ದಿ ಶ್ಯಾಡೋ ಲೈನ್ಸ್’ (1988) ಓದುವವರ ಕೈಯಲ್ಲಿ ಅಟ್ಲಾಸ್ ಮತ್ತು ಕೈವಾರ ಇರಬೇಕು. ಕಾದಂಬರಿಯ ನಿರೂಪಕನೇ ಈಗಿನ ಬಾಂಗ್ಲಾದೇಶದ ಖುಲ್ನಾದ ಮೇಲೆ ಕೈವಾರದ ಮುಳ್ಳಿಟ್ಟು, ಶ್ರೀನಗರ ತಾಗುವಂತೆ 1200 ಮೈಲಿಯ ವೃತ್ತ ಎಳೆಯುತ್ತಾನೆ. ಆ ವೃತ್ತವನ್ನು ನಾವೂ ಎಳೆಯಬೇಕು. 1963ರ ಡಿಸೆಂಬರ್ 27ರಂದು ಶ್ರೀನಗರದ ದರ್ಗಾ ಹಜ್ರತ್‌ಬಲ್‌ನಿಂದ ಪ್ರವಾದಿ ಮಹಮ್ಮದರದೆಂದು ನಂಬಲಾದ ಪವಿತ್ರ ಕೂದಲು ಕಾಣೆಯಾದದ್ದು, ಮುಂದಿನ ತಿಂಗಳು ಖುಲ್ನಾ, ಢಾಕಾ, ಕಲ್ಕತ್ತೆಗಳಲ್ಲಿ ಗಲಭೆಯಾದದ್ದು ಒಂದೇ ಘಟನೆಯ ಎರಡು ತುದಿ. ವೃತ್ತದೊಳಗೆ ಬಿದ್ದ ಬೇರೆ ದೇಶಗಳು ಯಾವುವು, ಅವಕ್ಕೆ ಈ ಸುದ್ದಿ ಏನೂ ಆಗಿರಲಿಲ್ಲ ಏಕೆ ಎಂದು ಕೇಳಿಕೊಂಡಾಗ ಗಡಿಗಳ ಕುರಿತ ಚರ್ಚೆ ಹೊರಗಿನಿಂದ ತಂದು ಅಂಟಿಸಿದ್ದಾಗಿ ಉಳಿಯುವುದಿಲ್ಲ. ಇವೆರಡರ ನಂತರ ಧಾರವಾಡದಲ್ಲಿ ಹುಟ್ಟಿದ, ಶ್ರೀರಂಗರ ಮಗಳು ಶಶಿ ದೇಶಪಾಂಡೆಯವರ ‘ದಟ್ ಲಾಂಗ್ ಸೈಲೆನ್ಸ್’ ಎತ್ತಿಕೊಂಡರೆ ಚಿಕ್ಕ ಫ್ಲಾಟಿನ ಒಳಗೆ ಕೂತ ಜಯಾಳ ಮೌನ ಮೊದಲಿಗೆ ಸಪ್ಪೆ ಎನಿಸೀತು. ಒಂದು ದಿನ ಬಿಟ್ಟು ಓದಿ. ದೇಶದ ಇತಿಹಾಸ ಹೊರಲು ಒಪ್ಪದ ಕಾದಂಬರಿ ಅದು, ಆ ಒಪ್ಪದಿರುವಿಕೆಯಲ್ಲೇ ಅದರ ಬಲ.

ಗಿರೀಶ ಕಾರ್ನಾಡರ ‘ತುಘಲಕ್’ ಎಷ್ಟೋ ಕಡೆ ಈ ವಿಷಯದ ಪಠ್ಯ. ಕನ್ನಡದಲ್ಲಿ 1964, ಅವರೇ ಮಾಡಿದ ಇಂಗ್ಲಿಷ್ ರೂಪ 1972. ಇದು ಭಾರತೀಯ ಇಂಗ್ಲಿಷ್ ಸಾಹಿತ್ಯವೋ, ಅನುವಾದವೋ? ಉತ್ತರವನ್ನು ವ್ಯಾಖ್ಯೆಗಳಲ್ಲಿ ಹುಡುಕುವ ಬದಲು ಒಂದು ದೃಶ್ಯವನ್ನು ಎರಡೂ ಭಾಷೆಯಲ್ಲಿ ಇಬ್ಬರು ಕೂತು ಗಟ್ಟಿಯಾಗಿ ಓದಿ. ಆಜಮ್ ಮತ್ತು ಅಜೀಜ್ ಮಾತಾಡುವ ದೃಶ್ಯ ಸಾಕು. ಯಾವ ಗೇಲಿ ಎರಡರಲ್ಲೂ ನಿಂತಿದೆ, ಯಾವುದು ಕನ್ನಡದಲ್ಲೇ ಉಳಿಯಿತು, ಇಂಗ್ಲಿಷಿನಲ್ಲಿ ಸುಲ್ತಾನನ ಮಾತಿನ ಗತ್ತು ಏರಿತೋ ಇಳಿಯಿತೋ ಎಂದು ಬರೆದುಕೊಳ್ಳಿ. ಒಂದೂವರೆ ಗಂಟೆಯ ಈ ಕೆಲಸದ ನಂತರ ಆ ಪ್ರಶ್ನೆಗೆ ನಿಮ್ಮದೇ ಉತ್ತರವಿರುತ್ತದೆ.

ವಿಮರ್ಶೆಯ ವಿಷಯ. ಕೃತಿಯ ನಂತರವೇ ವಿಮರ್ಶೆ, ಕೃತಿಯೊಂದಕ್ಕೆ ಎರಡು ಲೇಖನ ಸಾಕು, ಅವು ಒಂದನ್ನೊಂದು ಒಪ್ಪದವಾದರೆ ಮೇಲು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯ ಈ ಸಾಹಿತ್ಯಕ್ಕೆ ತರಗತಿಯಲ್ಲಿ ಜಾಗ ಕೊಡಿಸಿದವರು; ಅವರ 1969ರ ‘ದಿ ಸ್ವಾನ್ ಅಂಡ್ ದಿ ಈಗಲ್’ನ ಪಕ್ಕಕ್ಕೆ ಮೀನಾಕ್ಷಿ ಮುಖರ್ಜಿಯವರ 1971ರ ‘ದಿ ಟ್ವೈಸ್ ಬಾರ್ನ್ ಫಿಕ್ಷನ್’ ಇಟ್ಟರೆ, ಒಬ್ಬರು ಮೌಲ್ಯಕ್ಕೆ ಕೊಡುವ ಒತ್ತನ್ನು ಇನ್ನೊಬ್ಬರು ಸಂದರ್ಭಕ್ಕೆ ಕೊಡುವುದು ತಿಳಿಯುತ್ತದೆ. ಕಾವ್ಯದ ಮಟ್ಟಿಗೆ ಬಂಗಾಳಿ ಕವಿ ಬುದ್ಧದೇವ ಬಸು 1963ರಲ್ಲಿ ಮಾಡಿದ ಟೀಕೆಯನ್ನು ಬಿಡಬೇಡಿ. ಭಾರತೀಯರ ಇಂಗ್ಲಿಷ್ ಕಾವ್ಯ ಎಲ್ಲಿಗೂ ಹೋಗದ ಓಣಿ ಎಂದರು. ಪಿ. ಲಾಲ್ ಅದಕ್ಕೆ 1969ರ ದೊಡ್ಡ ಸಂಕಲನದಿಂದ ಉತ್ತರಿಸಿದರು. ಬಸು ಅವರ ಮಾತನ್ನು ಸೋತ ಪಕ್ಷದ ವಾದವೆಂದು ಕಡೆಗಣಿಸುವುದು ಸುಲಭ. ಎಜೆಕಿಯಲ್, ರಾಮಾನುಜನ್, ಕೊಲಟ್ಕರ್ ಓದಿದ ಮೇಲೂ ಆ ಟೀಕೆಯಲ್ಲಿ ನಿಲ್ಲುವ ಭಾಗ ಎಷ್ಟು ಎಂದು ತೂಗುವುದು ಕಷ್ಟದ ಕೆಲಸ, ಮಾಡಬೇಕಾದ ಕೆಲಸ. ಶೋಧಗಂಗಾ ಎಂಬ ಜಾಲತಾಣದಲ್ಲಿ ಸಿಗುವ ಪಿಎಚ್.ಡಿ. ಪ್ರಬಂಧಗಳನ್ನು ವಾದಕ್ಕಾಗಿ ಓದುವುದಕ್ಕಿಂತ ಕೊನೆಯ ಗ್ರಂಥಸೂಚಿಗಾಗಿ ಬಳಸಿ, ಸಮಯ ಉಳಿಯುತ್ತದೆ.

ಬರೆಯುವಾಗ ಕೆಡುವುದು ಬಹುಪಾಲು ಮೊದಲ ಪ್ಯಾರಾದಲ್ಲಿ. ಭಾರತೀಯ ಇಂಗ್ಲಿಷ್ ಸಾಹಿತ್ಯದ ಹುಟ್ಟಿನಿಂದ ಶುರು ಮಾಡಿ ಪ್ರಶ್ನೆಯ ಕೃತಿಗೆ ಬರುವಷ್ಟರಲ್ಲಿ ಒಂದೂವರೆ ಪುಟ ಮುಗಿದಿರುತ್ತದೆ. ಬದಲಿಗೆ ಕೃತಿಯ ಒಂದು ನಿರ್ದಿಷ್ಟ ಜಾಗದಿಂದ ಶುರು ಮಾಡಿ. ಅಸ್ಮಿತೆ, ಪರಕೀಯತೆ, ಪೂರ್ವ-ಪಶ್ಚಿಮ ಎಂಬ ಪದಗಳು ಬಂದಾಗಲೆಲ್ಲ ಅದರ ಮುಂದಿನ ವಾಕ್ಯದಲ್ಲಿ ಪಠ್ಯದ ಒಂದು ಮಾತು ಇದೆಯೇ ನೋಡಿ, ಇಲ್ಲದಿದ್ದರೆ ಆ ಪದ ಹೊಡೆದುಹಾಕಿ. ನಾಲ್ಕು ಪುಟದ ಉತ್ತರಕ್ಕೆ ಪಠ್ಯದಿಂದ ಆರೇಳು ಸಣ್ಣ ಉಲ್ಲೇಖ ಸಾಕು, ಒಂದೊಂದೂ ಹತ್ತು ಪದ ಮೀರದಂತೆ. ಉಲ್ಲೇಖ ಬರೆದ ಮೇಲೆ ಅದರಲ್ಲಿನ ಒಂದು ಪದದ ಬಗ್ಗೆಯಾದರೂ ಮಾತಾಡಬೇಕು. ಬರೀ ಸಾಕ್ಷಿಯಾಗಿ ತಂದು ನಿಲ್ಲಿಸಿದ ಉಲ್ಲೇಖಕ್ಕೆ ಬೆಲೆಯಿಲ್ಲ. ಕಿರುಪ್ರಬಂಧ ಬರೆಯುವವರು ಯಾವ ಆವೃತ್ತಿ, ಯಾವ ಮುದ್ರಣ ಎಂದು ಓದಿನ ಮೊದಲ ದಿನವೇ ನೋಟ್‌ಬುಕ್ಕಿನ ಒಳರಕ್ಷೆಯ ಮೇಲೆ ಬರೆದಿಡಿ. ಗ್ರಂಥಾಲಯದ ಪ್ರತಿಯಿಂದ ಅರ್ಧ, ಕೊಂಡ ಪ್ರತಿಯಿಂದ ಅರ್ಧ ಪುಟಸಂಖ್ಯೆ ತೆಗೆದುಕೊಂಡು, ಸಲ್ಲಿಸುವ ಹಿಂದಿನ ರಾತ್ರಿ ಎಲ್ಲವನ್ನೂ ಮತ್ತೆ ಹುಡುಕುತ್ತ ಕೂರುವ ಪಾಡು ಇದರಿಂದ ತಪ್ಪುತ್ತದೆ.